ಉಪ್ಪುಗಾಳಿಯ ಊರಲ್ಲಿ ಶೂಟಿಂಗ್ ಸಾಮಾನು ಇಡುವುದು ಹೇಗೆ?

ಪ್ರಶ್ನೆ: ನಾನು ಕಾರವಾರದ ಕೋಡಿಬಾಗದವನು. ಬೆಂಗಳೂರಿನಲ್ಲಿ ಐದು ವರ್ಷ ಲೈಟ್ ಯೂನಿಟ್‌ನಲ್ಲಿ ದುಡಿದು ಊರಿಗೆ ವಾಪಸ್ ಬಂದಿದ್ದೇನೆ. ಗೋಕರ್ಣ, ಮುರ್ಡೇಶ್ವರ, ದಾಂಡೇಲಿ ಕಡೆ ಶೂಟಿಂಗ್‌ಗೆ ಬರುವವರಿಗೆ ಬಾಡಿಗೆಗೆ ಕೊಡೋಣ ಅಂತ ಹಳೇ ಸಾಮಾನು ಕೊಂಡೆ. 24 ಸಿ-ಸ್ಟ್ಯಾಂಡ್ (ಲೈಟು, ಪರದೆ ಹಿಡಿಯುವ ಮೂರು ಕಾಲಿನ ಸ್ಟ್ಯಾಂಡು), ಎರಡು ಗೋಣಿಚೀಲ ಕ್ಲ್ಯಾಂಪು, ಕ್ಯಾಮೆರಾ ಓಡಿಸುವ ಟ್ರ್ಯಾಕ್-ಟ್ರಾಲಿ, ಬೆಳಕು ತಡೆಯುವ ಕಟ್ಟರ್, ಬೆಳಕು ತಗ್ಗಿಸುವ ನೆಟ್, ಬೆಳಕು ಮೆದು ಮಾಡುವ ಸ್ಕಿಮ್ಮರ್ ಬಟ್ಟೆ, ಪೈಪು, ಭಾರ ಎತ್ತುವ ಒಂದು ಚೈನ್ ಬ್ಲಾಕ್, ಭಾರ ತೂಗುವ ಬೆಲ್ಟು, ಕೊಂಡಿಯಂಥ ಶ್ಯಾಕಲ್, ಲೈಟು ಬೀಳದಂತೆ ಕಟ್ಟುವ ಸೇಫ್ಟಿ ವೈರ್ ಎಲ್ಲ ಇವೆ. ಅಪ್ಪ ಮೊದಲು ಬಲೆ ಇಡುತ್ತಿದ್ದ ಕೋಣೆಯಲ್ಲಿ ತುಂಬಿದ್ದೇನೆ. 10 ಅಡಿ ಅಗಲ, 20 ಅಡಿ ಉದ್ದ, ಹಂಚಿನ ಮಾಡು. ಒಂದೇ ಮಳೆಗಾಲಕ್ಕೆ ಸ್ಟ್ಯಾಂಡ್‌ಗಳು ಬಿಗಿದುಕೊಂಡಿವೆ, ಬಟ್ಟೆಗೆ ಬೂಷ್ಟು ಹಿಡಿದಿದೆ. ಯಾವುದು ಎಲ್ಲಿದೆ ಅಂತ ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ. ರ‍್ಯಾಕ್ ಮಾಡಿಸಬೇಕು ಅಂತಿದ್ದೇನೆ. ಹೇಗೆ ಮಾಡಿಸಲಿ?

ಉತ್ತರ: ರ‍್ಯಾಕ್ ಕೆಲಸವನ್ನು ಒಂದು ತಿಂಗಳು ಮುಂದಕ್ಕೆ ಹಾಕಿ. ನಿಮ್ಮ ಪ್ರಶ್ನೆ ಓದುವಾಗ ನನ್ನ ಕಣ್ಣು ನಿಂತದ್ದು "ಅಪ್ಪ ಬಲೆ ಇಡುತ್ತಿದ್ದ ಕೋಣೆ" ಅನ್ನುವ ಮಾತಿನ ಮೇಲೆ. ಎಷ್ಟೋ ವರ್ಷ ಸಮುದ್ರದ ನೀರು ಜಿನುಗಿದ ಬಲೆ ಇಟ್ಟ ಕೋಣೆ ಅದು. ಗೋಡೆ ಚಿರೆಕಲ್ಲಿನದೇ ಆಗಿದ್ದರೆ ಆ ಉಪ್ಪನ್ನೆಲ್ಲ ಕುಡಿದು ಕೂತಿರುತ್ತದೆ. ನೀವು ಎಷ್ಟು ಚಂದದ ರ‍್ಯಾಕ್ ಮಾಡಿಸಿದರೂ ಆರಿದ್ರಾ ಮಳೆ ಶುರುವಾದ ವಾರಕ್ಕೆ ಗೋಡೆ ಬೆವರುತ್ತದೆ. ಗೋಡೆಗೆ ತಾಗಿದ ಸಾಮಾನಿಗೆಲ್ಲ ತುಕ್ಕು ಬರುತ್ತದೆ.

ನಾನು 20 ವರ್ಷ ಬೆಂಗಳೂರಿನ ಯೂನಿಟ್‌ಗಳಲ್ಲಿದ್ದೆ. ಈಗ ಕುಮಟಾದಲ್ಲಿ ನಿಮ್ಮ ಹಾಗೇ ಒಂದು ಕೋಣೆ ಇಟ್ಟುಕೊಂಡಿದ್ದೇನೆ. ಬೆಂಗಳೂರಿನಲ್ಲಿ ಗೋದಾಮು ಅಂದರೆ ಜೋಡಿಸಿಡುವ ಜಾಗ. ಪ್ಯಾಕಪ್ ಆಯಿತು, ವ್ಯಾನ್ ಬಂತು, ಇಳಿಸಿದೆವು, ಬೀಗ ಹಾಕಿದೆವು. ಅದೇ ರೂಢಿ ನನಗೂ ಇತ್ತು. ಇಲ್ಲಿ ಹಾಗೆ ಮಾಡಿ ಮೊದಲ ವರ್ಷವೇ ಸಾಕಷ್ಟು ಕಳಕೊಂಡೆ. ನಮ್ಮ ಕರಾವಳಿಯಲ್ಲಿ ಸಾಮಾನು ಇಡುವುದು ಅಂದರೆ ಮೊದಲು ತೊಳೆಯುವುದು, ಆಮೇಲೆ ಒಣಗಿಸುವುದು, ಕೊನೆಗೆ ಜೋಡಿಸುವುದು. ಈ ಕ್ರಮ ತಪ್ಪಿದರೆ ಬೇರೆ ಯಾವ ವ್ಯವಸ್ಥೆಯೂ ಕೈಹಿಡಿಯುವುದಿಲ್ಲ.

ಯಾಕೆ ಅಂತ ನಿಮ್ಮ ಅಡುಗೆಮನೆಯಲ್ಲೇ ನೋಡಬಹುದು. ಸಾಣಿಕಟ್ಟಾ ಉಪ್ಪಿನ ಭರಣಿ ಬೇಸಿಗೆಯಲ್ಲಿ ಉದುರುದುರಾಗಿರುತ್ತದೆ. ಮಳೆಗಾಲದಲ್ಲಿ ಅದೇ ಉಪ್ಪು ನೀರು ಬಿಡುತ್ತದೆ, ಅಲ್ವಾ? ಗಾಳಿಯ ತೇವಾಂಶ ಸುಮಾರು 75 ಪ್ರತಿಶತ ದಾಟಿತು ಅಂದರೆ ಉಪ್ಪು ಗಾಳಿಯಿಂದಲೇ ನೀರು ಎಳೆದುಕೊಂಡು ಕರಗುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಅದಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ. ಬೀಚಿನಲ್ಲಿ ಎರಡು ದಿನ ಕೆಲಸ ಮಾಡಿ ಬಂದ ಸ್ಟ್ಯಾಂಡಿನ ಮೇಲೆ ಕಣ್ಣಿಗೆ ಕಾಣದ ಉಪ್ಪಿನ ಪದರ ಇರುತ್ತದೆ. ಬರೀ ಒಣಬಟ್ಟೆಯಲ್ಲಿ ಒರೆಸಿದರೆ ಅದು ಹೋಗುವುದಿಲ್ಲ. ಮುಟ್ಟಿದರೆ ಒಣಗಿದ ಹಾಗೇ ಇರುತ್ತದೆ. ಮಳೆಗಾಲ ಬಂದಾಗ ಆ ಪದರವೇ ನೀರಾಗಿ, ಬೀಗ ಹಾಕಿದ ಕೋಣೆಯೊಳಗೇ ಕಬ್ಬಿಣವನ್ನು ತಿನ್ನುತ್ತದೆ. ಕ್ರೋಮ್ ಲೇಪ ಇದ್ದರೂ ಅಷ್ಟೇ. ಆ ಲೇಪದಲ್ಲಿ ಕೂದಲಿಗಿಂತ ಸಣ್ಣ ಬಿರುಕುಗಳಿರುತ್ತವೆ. ಉಪ್ಪುನೀರಿಗೆ ಅಷ್ಟು ಸಾಕು.

ಹಾಗಾಗಿ ನಿಮ್ಮ ಗೋದಾಮು ಶುರುವಾಗಬೇಕಾದ್ದು ಬಾಗಿಲ ಹೊರಗೆ. ಅಂಗಳದಲ್ಲಿ ಒಂದು ಮೂಲೆ ಗುರುತು ಮಾಡಿ. ಕಾಂಕ್ರೀಟ್ ಹಾಕಿ, ನೀರು ಹರಿದು ಹೋಗುವ ಹಾಗೆ ಸ್ವಲ್ಪ ಇಳಿಜಾರು ಕೊಡಿ. ಮೇಲೆ ತಗಡಿನ ಚಪ್ಪರ, ಅದರ ಕೆಳಗೆ ಎರಡು ಸಾಲು ಪೈಪು ಅಡ್ಡಡ್ಡ ಕಟ್ಟಿ. ಇಲ್ಲಿ ತೊಳೆಯುವುದು, ಅಲ್ಲೇ ನೇತುಹಾಕಿ ಒಣಗಿಸುವುದು. ನೀರು ಸಿಹಿನೀರೇ ಆಗಿರಬೇಕು. ಹೊಳೆ ಬಾಯಿಗೆ ಹತ್ತಿರದ ಬಾವಿಗಳು ಬೇಸಿಗೆಯಲ್ಲಿ ಉಪ್ಪಾಗುವುದುಂಟು. ನಾಲಿಗೆಗೆ ಹಚ್ಚಿ ನೋಡಿ. ಸ್ವಲ್ಪ ಉಪ್ಪೆನಿಸಿದರೂ ಆ ನೀರಲ್ಲಿ ತೊಳೆಯಬೇಡಿ, ನಲ್ಲಿ ನೀರು ಹಿಡಿದಿಟ್ಟುಕೊಳ್ಳಿ.

ಬೈತಖೋಲದ ಬಂದರಿಗೆ ಹೋಗಿ ಒಂದು ಬೆಳಗ್ಗೆ ಸುಮ್ನೆ ನಿಂತು ನೋಡಿ. ನಿಮ್ಮ ಅಪ್ಪನಿಗಂತೂ ಇದನ್ನು ಹೇಳಿಕೊಡಬೇಕಾಗಿಲ್ಲ. ಮೀನುಗಾರರು ಬಲೆ, ಹಗ್ಗ ಯಾವುದನ್ನೂ ಮುದ್ದೆ ಮಾಡಿ ಒಳಗೆ ಎಸೆಯುವುದಿಲ್ಲ. ಹರಡುತ್ತಾರೆ, ಹರಿದದ್ದನ್ನು ಅಲ್ಲೇ ಹೊಲಿಯುತ್ತಾರೆ, ಆಮೇಲೆ ಸುತ್ತುತ್ತಾರೆ. ನೋಡುವುದು, ಸರಿಮಾಡುವುದು, ಇಡುವುದು ಮೂರೂ ಒಂದೇ ಕೆಲಸ. ನನ್ನ ಕೋಣೆಯ ಪದ್ಧತಿಯನ್ನು ನಾನು ಅವರಿಂದಲೇ ಕಲಿತದ್ದು.

ಈಗ ಬಿಗಿದುಕೊಂಡ ಸಿ-ಸ್ಟ್ಯಾಂಡ್‌ಗಳ ವಿಷಯ. ಒಂದನ್ನು ಕೈಗೆ ತಗೊಳ್ಳಿ. ಒಳಗಿನ ಕೊಳವೆ ಮೇಲೆ ಬರುತ್ತಿಲ್ಲ ಅಂದರೆ ಸುತ್ತಿಗೆ ತಗೋಬೇಡಿ. ಕೊಳವೆ ಒಂದು ಸಲ ನೆಗ್ಗಿದರೆ ಆ ಸ್ಟ್ಯಾಂಡು ಮುಗಿದ ಹಾಗೆ. ಮೊದಲು ಟಿ-ಹ್ಯಾಂಡಲ್ ತಿರುಪನ್ನು ಪೂರ್ತಿ ಬಿಚ್ಚಿ ಹೊರಗೆ ತೆಗೆಯಿರಿ. ಅದರ ಎಳೆಗಳಲ್ಲಿ ಮರಳು ಕಚ್ಚಿಕೊಂಡಿರುತ್ತದೆ. ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿ. ಎರಡು ಕೊಳವೆ ಸೇರುವ ಕೊರಳಿನ ಸುತ್ತ ಬಿಸಿನೀರು ಹೊಯ್ಯಿರಿ. ಎಷ್ಟೋ ಸಲ ಬಿಗಿದಿರುವುದು ತುಕ್ಕಿನಿಂದ ಅಲ್ಲ, ಉಪ್ಪು ಗಟ್ಟಿಯಾಗಿ. ಬಿಸಿನೀರಿಗೇ ಬಿಟ್ಟುಕೊಡುತ್ತದೆ. ಬಿಡದಿದ್ದರೆ ನೀರೆಲ್ಲ ಆರಿದ ಮೇಲೆ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಒಬ್ಬರು ಬುಡ ಹಿಡಿದುಕೊಂಡು, ಇನ್ನೊಬ್ಬರು ಒಳಕೊಳವೆಯನ್ನು ತಿರುಗಿಸಬೇಕು. ಎಳೆಯಬಾರದು, ತಿರುಗಿಸಬೇಕು. ಅರ್ಧ ಸುತ್ತು ಆಚೆ, ಅರ್ಧ ಸುತ್ತು ಈಚೆ. ಮೊದಲ ಸಲ 'ಕರ್' ಅಂತ ಸದ್ದು ಬಂದರೆ ಕೆಲಸ ಆಯಿತು.

ಹೊರಗೆ ಬಂದ ಕೊಳವೆಯ ಮೇಲೆ ಕಂದು ಚುಕ್ಕೆಗಳಿದ್ದರೆ ಊಟ ಕಟ್ಟುವ ಅಲ್ಯೂಮಿನಿಯಂ ಹಾಳೆಯನ್ನು ಮುದ್ದೆ ಮಾಡಿ, ನೀರಲ್ಲಿ ಅದ್ದಿ ಉಜ್ಜಿ. ಅಲ್ಯೂಮಿನಿಯಂ ಕ್ರೋಮಿಗಿಂತ ಮೆದು. ಹೊಳಪಿಗೆ ಗೀರು ಬೀಳದೆ ತುಕ್ಕು ಮಾತ್ರ ಏಳುತ್ತದೆ. ಆಮೇಲೆ ಸಿಹಿನೀರಲ್ಲಿ ತೊಳೆದು, ಎಲ್ಲ ಕೊಳವೆಗಳನ್ನು ಹೊರಗೆ ಎಳೆದು, ಸ್ಟ್ಯಾಂಡನ್ನು ತಲೆಕೆಳಗಾಗಿ ಒರಗಿಸಿ. ಒಳಗಿನ ನೀರು ಇಳಿಯಬೇಕು. ಹೊರಗಡೆ ಒಣಗಿತು ಅಂತ ಮಡಚಿಟ್ಟರೆ ಒಳಗಿನ ನೀರು ಅಲ್ಲೇ ಕೂತು ಮತ್ತೆ ಅದೇ ಕತೆ.

ಕೊನೆಯಲ್ಲಿ ಸಿಲಿಕಾನ್ ಸ್ಪ್ರೇಯನ್ನು ಬಟ್ಟೆಗೆ ಹಾಕಿ, ಆ ಬಟ್ಟೆಯಲ್ಲಿ ಕೊಳವೆ ಒರೆಸಿ. ಗ್ರೀಸ್ ಬೇಡ, ಮರಳು ಅಂಟುತ್ತದೆ. ಮನೆಯಲ್ಲಿ ಇದೆ ಅಂತ ತೆಂಗಿನೆಣ್ಣೆಯೂ ಬೇಡ. ಚಳಿಗಾಲದ ಬೆಳಗ್ಗೆ ಗಟ್ಟಿಯಾಗುತ್ತದೆ, ದಿನ ಕಳೆದಂತೆ ಅಂಟಂಟಾಗುತ್ತದೆ. ಇನ್ನೊಂದು ಮಾತು. ಸ್ಟ್ಯಾಂಡಿನ ತುದಿಯಲ್ಲಿ ಆರ್ಮ್ (ಅಡ್ಡ ಸರಳು) ಹಿಡಿಯುವ ಗ್ರಿಪ್ ಹೆಡ್ಡಿನ ಒಳಗೆ ಎರಡು ಬಿಲ್ಲೆಗಳ ನಡುವೆ ತಿಕ್ಕಾಟದ ವಾಷರ್‌ಗಳಿರುತ್ತವೆ. ಅಲ್ಲಿಗೆ ಎಣ್ಣೆಯ ಹನಿಯೂ ಹೋಗಬಾರದು. ಹಿಡಿದುಕೊಳ್ಳುವುದೇ ಅದರ ಕೆಲಸ. ಎಣ್ಣೆ ಕುಡಿದ ಹೆಡ್ಡಿಗೆ ಕಟ್ಟರ್ ಹಾಕಿದರೆ ಶಾಟ್ ನಡುವೆ ಮೆಲ್ಲಗೆ ಜಾರುತ್ತಾ ಬರುತ್ತದೆ. ಹೊಸ ಹುಡುಗರು ಇದನ್ನೇ ಜಾಸ್ತಿ ತಪ್ಪು ಮಾಡುತ್ತಾರೆ. ಪ್ರೀತಿಯಿಂದಲೇ ಎಣ್ಣೆ ಹಾಕಿರುತ್ತಾರೆ ಪಾಪ.

ನಿಮ್ಮ ಚೈನ್ ಬ್ಲಾಕ್‌ಗೂ ಇದೇ ನಿಯಮ. ಸರಪಳಿಗೆ ತೆಳ್ಳಗೆ ಎಣ್ಣೆ ಬೇಕು. ಒಳಗಿನ ಬ್ರೇಕ್ ಬಿಲ್ಲೆಗಳಿಗೆ ಬೇಡವೇ ಬೇಡ. ಅದನ್ನು ನೆಲದ ಮೇಲೆ ಗುಡ್ಡೆ ಹಾಕದೆ ಕೊಕ್ಕೆಗೆ ನೇತುಹಾಕಿ, ಸರಪಳಿಯನ್ನು ಬಟ್ಟೆ ಚೀಲದಲ್ಲಿ ಇಳಿಬಿಡಿ.

ಕೋಣೆಗೆ ಬರೋಣ. ಬೇಸಿಗೆಯಲ್ಲಿ ಪೂರ್ತಿ ಖಾಲಿ ಮಾಡಿ. ಗೋಡೆಯ ಮೇಲೆ ಬಿಳಿ ಹಿಟ್ಟಿನ ಹಾಗೆ ಎದ್ದಿದ್ದರೆ ಅದು ಉಪ್ಪು. ಒಣ ಬ್ರಷ್‌ನಲ್ಲಿ ಕೆರೆದು, ಗುಡಿಸಿ ಹೊರಗೆ ಹಾಕಿ. ನೀರು ಹಾಕಿ ತೊಳೆದರೆ ಮತ್ತೆ ಗೋಡೆಯೇ ಕುಡಿಯುತ್ತದೆ. ಇದನ್ನು ಎರಡು ಮೂರು ಸಲ ಮಾಡಬೇಕಾಗಬಹುದು. ಆಮೇಲೆ ಸುಣ್ಣ ಹೊಡೆಯಿರಿ. ಹಂಚಿನ ಕೆಳಗೆ ಸೀಲಿಂಗಿನ ಹಾಗೆ ಒಂದು ಪದರ ಹಾಕಿಸಿ. ನೆಲದಿಂದ ಒಂದಡಿ ಎತ್ತರ ಬಿಟ್ಟು, ಗೋಡೆಯಿಂದ ಅರ್ಧ ಅಡಿ ಈಚೆಗೆ ರ‍್ಯಾಕ್ ನಿಲ್ಲಿಸಿ. ಹಿಂದೆ ಗಾಳಿ ಆಡಬೇಕು. ಕಬ್ಬಿಣದ ರ‍್ಯಾಕ್ ಆದರೆ ಕಾಲಿನ ಬುಡಕ್ಕೆ ಪ್ಲಾಸ್ಟಿಕ್ ಬುಷ್, ಮರದ್ದಾದರೆ ಗೆದ್ದಲಿನ ಔಷಧಿ. ನಮ್ಮ ಹಿರಿಯರು ಅಡಿಕೆ, ಭತ್ತ ಎಲ್ಲ ಅಟ್ಟದ ಮೇಲೆ ಇಟ್ಟದ್ದು ಸುಮ್ನೆ ಅಲ್ಲ.

ತೇವ ಅಳೆಯುವ ಸಣ್ಣ ಡಿಜಿಟಲ್ ಮೀಟರ್ ಒಂದು ತಂದು ಗೋಡೆಗೆ ಹಾಕಿ. ಇಡೀ ಕೋಣೆಯನ್ನು ಮಳೆಗಾಲದಲ್ಲಿ ಒಣಗಿಸುವುದು ಹಂಚಿನ ಮಾಡಿನ ಕೆಳಗೆ ಆಗದ ಮಾತು. ಆ ಆಸೆ ಬಿಟ್ಟು, ಕೋಣೆಯ ಒಂದು ಮೂಲೆಯಲ್ಲಿ ಬಾಗಿಲು ಬಿಗಿಯಾಗಿ ಮುಚ್ಚುವ ಒಂದು ದೊಡ್ಡ ಕಪಾಟು ಮಾಡಿಸಿ. ತೇವ ಹೀರುವ ಸಣ್ಣ ಯಂತ್ರ ಒಂದನ್ನು ಅದಕ್ಕೆ ಕೊಡಿ. ಇಲ್ಲವಾದರೆ ಸಿಲಿಕಾ ಜೆಲ್ ಡಬ್ಬಗಳನ್ನು ಇಡಿ, ಬಣ್ಣ ಬದಲಾದಾಗ ಒಲೆಯಲ್ಲಿ ಕಾಯಿಸಿ ಮತ್ತೆ ಬಳಸಿ. ಬಟ್ಟೆ ಈ ಕಪಾಟಿಗೆ. ಬೆಲ್ಟು, ಸೇಫ್ಟಿ ವೈರಿಗೆ ಇಂಥದೇ ಇನ್ನೊಂದು ಕಪಾಟು, ಅದರ ಮಾತು ಮುಂದೆ ಬರುತ್ತದೆ. ಕಪಾಟಿನೊಳಗಿನ ತೇವಾಂಶ 60 ಪ್ರತಿಶತದ ಕೆಳಗೆ ಉಳಿಸಿಕೊಂಡರೆ ಬೂಷ್ಟಿನ ಕಾಟ ಇರುವುದಿಲ್ಲ. ತೇವ ಹೀರಲಿ ಅಂತ ಕೆಲವರು ತಟ್ಟೆಯಲ್ಲಿ ಸುಟ್ಟ ಚಿಪ್ಪುಸುಣ್ಣ ಇಡುತ್ತಾರೆ. ತೇವ ಹೀರುವುದು ನಿಜ. ಆದರೆ ಪಾಲಿಯೆಸ್ಟರ್ ಬೆಲ್ಟಿಗೆ ಸುಣ್ಣದ ಕ್ಷಾರ ಆಗಿಬರುವುದಿಲ್ಲ. ಹಾಗೇ ನೈಲಾನ್ ಹಗ್ಗಕ್ಕೆ ಆಸಿಡ್ ಆಗಿಬರುವುದಿಲ್ಲ, ಇನ್ವರ್ಟರ್ ಬ್ಯಾಟರಿಯನ್ನು ಆ ಕಡೆ ಸುಳಿಯಗೊಡಬೇಡಿ.

ಎಲ್ಲ ಸಾಮಾನನ್ನು ಮಳೆಗಾಲಕ್ಕೆ ಶಿರಸಿಗೆ ಸಾಗಿಸಿದರೆ ಆಗದೇ ಅಂತ ನನ್ನನ್ನು ಕೇಳಿದವರಿದ್ದಾರೆ. ಘಟ್ಟ ಹತ್ತಿದರೆ ಉಪ್ಪು ತಪ್ಪುತ್ತದೆ, ತೇವ ತಪ್ಪುವುದಿಲ್ಲ. ಚೆನ್ನಾಗಿ ತೊಳೆದ ಕಬ್ಬಿಣಕ್ಕೆ ಅದು ಅನುಕೂಲ. ಬಟ್ಟೆಗೆ ಅಲ್ಲೂ ಬೂಷ್ಟೇ.

ಇನ್ನು ಜೋಡಿಸುವುದು. ಚಿಕ್ಕಂದಿನಲ್ಲಿ ಯಕ್ಷಗಾನದ ಆಟ ನೋಡಲು ಹೋದಾಗ ನಾನು ರಂಗಸ್ಥಳದ ಮುಂದೆ ಕೂತದ್ದಕ್ಕಿಂತ ವೇಷ ಕಟ್ಟುವ ಚೌಕಿಯ ಬಾಗಿಲಲ್ಲಿ ನಿಂತದ್ದೇ ಜಾಸ್ತಿ. ಮೇಳದ ಪೆಟ್ಟಿಗೆಗಳು ದಿನಾ ಬೇರೆ ಊರು, ಬೇರೆ ಗದ್ದೆ. ಆದರೂ ವೇಷಧಾರಿ ಕೈ ಚಾಚಿದರೆ ಎದೆಕಟ್ಟು ಎದೆಕಟ್ಟಿನ ಜಾಗದಲ್ಲಿ, ಭುಜಕೀರ್ತಿ ಭುಜಕೀರ್ತಿಯ ಜಾಗದಲ್ಲಿ. ಹುಡುಕಾಟ ಇಲ್ಲ. ಕಟ್ಟುವ ಕ್ರಮದಲ್ಲೇ ಇಟ್ಟಿರುತ್ತಾರೆ. ಗೋದಾಮಿಗೂ ಅದೇ ಬೇಕು. ನೋಡಲು ಒಂದೇ ಥರ ಇರುವುದನ್ನು ಒಟ್ಟಿಗೆ ಇಡುವುದು ಅಂಗಡಿಯವರ ಪದ್ಧತಿ. ನಾವು ಕೈಗೆ ಬೇಕಾಗುವ ಕ್ರಮದಲ್ಲಿ ಇಡಬೇಕು.

ಉದಾಹರಣೆಗೆ ನಿಮ್ಮ ಎರಡು ಚೀಲ ಕ್ಲ್ಯಾಂಪು. ಎಲ್ಲ ನೆಲಕ್ಕೆ ಸುರಿದು, ಯಾವುದು ಯಾವುದನ್ನು ಹಿಡಿಯುತ್ತದೆ ಅನ್ನುವ ಲೆಕ್ಕದಲ್ಲಿ ಬೇರೆ ಮಾಡಿ. ಪೈಪು ಹಿಡಿಯುವವು ಒಂದು ಕಡೆ. ಹಲಗೆ, ಮೇಜು, ಬಾಗಿಲು ಹಿಡಿಯುವವು ಒಂದು ಕಡೆ. ಬಟ್ಟೆ, ಥರ್ಮಕೋಲ್ ಹಿಡಿಯುವ ಸ್ಪ್ರಿಂಗ್ ಕ್ಲಿಪ್ಪುಗಳು ಇನ್ನೊಂದು ಕಡೆ. ಪ್ರತಿ ಗುಂಪಿನಲ್ಲೂ ಲೈಟು ಕೂರುವ ಪಿನ್ನಿನ ಅಳತೆ ನೋಡಿ. 5/8 ಇಂಚಿನ ಬೇಬಿ ಪಿನ್ ಅಂದರೆ 16 ಮಿ.ಮೀ., 1-1/8 ಇಂಚಿನ ಜೂನಿಯರ್ ಅಂದರೆ 28 ಮಿ.ಮೀ. ಇವೆರಡು ಬೆರೆತರೆ ರಾತ್ರಿ ಎರಡು ಗಂಟೆಗೆ ಬೀಚಿನಲ್ಲಿ ಲೈಟು ಕೈಯಲ್ಲಿ ಹಿಡಿದು ನಿಲ್ಲಬೇಕಾಗುತ್ತದೆ. ಬೇಬಿಗೆ ನೀಲಿ ಪಟ್ಟಿ, ಜೂನಿಯರ್‌ಗೆ ಹಳದಿ ಪಟ್ಟಿ. ಎಣ್ಣೆ ಬಣ್ಣದಲ್ಲೇ ಬಳಿಯಿರಿ. ಟೇಪು ಅಂಟಿಸಿದರೆ ಅದರ ಅಡಿಯಲ್ಲೇ ಉಪ್ಪುನೀರು ಕೂತು ತುಕ್ಕು ಹಿಡಿಯುತ್ತದೆ. ಲೇತ್‌ನಲ್ಲಿ ನಮ್ಮಲ್ಲೇ ಮಾಡಿಸಿದ ಕ್ಲ್ಯಾಂಪುಗಳಿದ್ದರೆ ಅವುಗಳ ಬೋಲ್ಟು ಬೇರೆ ಡಬ್ಬಕ್ಕೆ ಹಾಕಿ. 3/8 ಇಂಚಿನ ಬೋಲ್ಟು 9.5 ಮಿ.ಮೀ., ಎಂ10 ಅಂದರೆ 10 ಮಿ.ಮೀ. ಕಣ್ಣಿಗೆ ಒಂದೇ. ಬಲವಂತವಾಗಿ ತಿರುಗಿಸಿದರೆ ಎರಡರ ಎಳೆಯೂ ಹಾಳು.

ಇದೇ ಮೋಸ ಪೈಪಿನಲ್ಲೂ ಇದೆ. ಸಾರ್ವೆ ಕಟ್ಟುವ ಪೈಪಿನ ಹೊರ ಅಳತೆ 48.3 ಮಿ.ಮೀ. ಅದಕ್ಕಿಂತ ಒಂದು ಅಳತೆ ಸಣ್ಣದು 42.4. ದೂರದಿಂದ ವ್ಯತ್ಯಾಸ ಗೊತ್ತಾಗುವುದಿಲ್ಲ. ಪೈಪಿಗೆ ಪೈಪು ಕಟ್ಟುವ 48ರ ಕಪ್ಲರ್ ಅನ್ನು ಸಣ್ಣ ಪೈಪಿಗೆ ಹಾಕಿ ಬಿಗಿ ಮಾಡಿದರೆ ಬಿಗಿಯಾದ ಹಾಗೇ ಅನಿಸುತ್ತದೆ, ಭಾರ ಬಿದ್ದಾಗ ಜಾರುತ್ತದೆ. ಪೈಪಿನ ಎರಡೂ ತುದಿಗೆ ಬಣ್ಣ ಬಳಿದು, ಎರಡನ್ನೂ ಎದುರುಬದುರು ಗೋಡೆಗಳಲ್ಲಿ ಇಡಿ. ಅಕ್ಕಪಕ್ಕ ಇಡಬೇಡಿ. ಸತುವಿನ ಲೇಪ ಇರುವ ಕಲಾಯಿ ಪೈಪನ್ನು ಒದ್ದೆಯಾಗಿ ಒಂದರ ಮೇಲೊಂದು ಪೇರಿಸಿದರೆ ನಡುವೆ ಬಿಳಿ ಪುಡಿ ಏಳುತ್ತದೆ. ಅದು ಸತು ಕರಗುತ್ತಿರುವ ಗುರುತು. ಸಣ್ಣ ರೀಪು ಕೊಟ್ಟು ಬಿಡಿಬಿಡಿಯಾಗಿ ಇಡಿ.

ಸಣ್ಣ ಸಾಮಾನಿಗೆ ಮೀನಿನ ಪ್ಲಾಸ್ಟಿಕ್ ಕ್ರೇಟಿನಷ್ಟು ಒಳ್ಳೆಯ ಪೆಟ್ಟಿಗೆ ಇಲ್ಲ. ತೂತು ಇರುತ್ತವೆ, ನೀರು ನಿಲ್ಲುವುದಿಲ್ಲ, ಗಾಳಿ ಆಡುತ್ತದೆ, ಒಂದರ ಮೇಲೊಂದು ಕೂರುತ್ತವೆ. ಆದರೆ ಹೊಸದನ್ನೇ ಕೊಳ್ಳಿ. ಬಂದರಿನಲ್ಲಿ ಬಳಸಿದ್ದು ಎಷ್ಟು ತೊಳೆದರೂ ಉಪ್ಪು ಬಿಡುವುದಿಲ್ಲ. ಒಂದು ಕ್ರೇಟಿಗೆ ಒಂದೇ ಜಾತಿ, ಹತ್ತೇ ಹತ್ತು. ಹತ್ತರ ಲೆಕ್ಕ ಇಟ್ಟರೆ ವಾಪಸ್ ಬಂದಾಗ ಎಣಿಸಬೇಕಾಗಿಲ್ಲ, ಖಾಲಿ ಜಾಗ ತಾನೇ ಕಾಣುತ್ತದೆ. ಸ್ಪ್ಯಾನರ್, ಸುತ್ತಿಗೆಗಳನ್ನು ಹಲಗೆಗೆ ನೇತುಹಾಕಿ, ಅದರ ಆಕಾರವನ್ನು ಹಿಂದೆ ಬಣ್ಣದಲ್ಲಿ ಬರೆದುಬಿಡಿ.

ಸ್ಟ್ಯಾಂಡ್‌ಗಳಿಗೆ ರ‍್ಯಾಕ್ ಬೇಡ. ಸಿ-ಸ್ಟ್ಯಾಂಡಿನ ಮೂರು ಕಾಲು ಮೂರು ಎತ್ತರದಲ್ಲಿರುವುದು ಒಂದರೊಳಗೆ ಒಂದು ಸೇರಿ ನಿಲ್ಲಲಿ ಅಂತಲೇ. ಕಾಲು ಮಡಚಿ, ಎತ್ತರದ ಮರದ ಹಲಗೆಯ ಮೇಲೆ ಎರಡು ಸಾಲಾಗಿ ನಿಲ್ಲಿಸಿ, ಮುಂದೆ ಎದೆಯ ಮಟ್ಟಕ್ಕೆ ಒಂದು ಅಡ್ಡ ಪೈಪು ಕೊಡಿ. ಹೆಡ್ಡು ಮತ್ತು ಆರ್ಮ್ ಬೇರೆ ಮಾಡಬೇಡಿ, ಬೇರೆಯಾದದ್ದು ಕಳೆದುಹೋಗುತ್ತದೆ. ಆರ್ಮ್ ಅನ್ನು ಸ್ಟ್ಯಾಂಡಿಗೆ ಸಮನಾಗಿ ನೆಟ್ಟಗೆ ನಿಲ್ಲಿಸಿ, ತುದಿಗೆ ಕತ್ತರಿಸಿದ ಟೆನಿಸ್ ಚೆಂಡು ಹಾಕಿ. ಆ ತುದಿ ಸರಿಯಾಗಿ ಕಣ್ಣಿನ ಎತ್ತರಕ್ಕೇ ಬರುತ್ತದೆ.

ಟ್ರ್ಯಾಕನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದೀರಾ? ಇವತ್ತೇ ಮಲಗಿಸಿ. 8 ಅಡಿಯ ತುಂಡಿಗೆ ಮೂರು ಕಡೆ ಆಧಾರ ಬೇಕು. ಒರಗಿಸಿಟ್ಟದ್ದು ನಿಧಾನಕ್ಕೆ ಬಾಗುತ್ತದೆ. ಎರಡು ತುದಿಗೆ ನೂಲು ಎಳೆದು ಕಟ್ಟಿ ನೋಡಿದರೆ ಸೊಟ್ಟ ತಿಳಿಯುತ್ತದೆ. ಟ್ರಾಲಿಯನ್ನು ಇಟ್ಟಿಗೆ ಕೊಟ್ಟು ಎತ್ತಿಡಿ, ಚಕ್ರ ನೆಲ ಮುಟ್ಟಬಾರದು. ತಿಂಗಳುಗಟ್ಟಲೆ ಭಾರ ಹೊತ್ತು ನಿಂತ ಚಕ್ರದಲ್ಲಿ ಚಪ್ಪಟೆ ಜಾಗವಾಗಿ, ಕ್ಯಾಮೆರಾ ಟಕ್ ಟಕ್ ಅಂತ ಕುಣಿಯುತ್ತದೆ.

ಕಟ್ಟರ್, ನೆಟ್, ಸಿಲ್ಕುಗಳನ್ನು ಗ್ರಂಥಾಲಯದ ಪುಸ್ತಕದ ಹಾಗೆ ನಿಲ್ಲಿಸಿ, ಪೇರಿಸಬೇಡಿ. ಅಂಚಿನ ಬಣ್ಣ ನೋಡಿ ಬೇರೆ ಮಾಡಬಹುದು. ಸಾಮಾನ್ಯವಾಗಿ ಹಸಿರು ಅಂಚು ಸಿಂಗಲ್ ನೆಟ್, ಕೆಂಪು ಡಬಲ್. ದೊಡ್ಡ ಬಟ್ಟೆಗಳನ್ನು ಒಗೆದು ಒಣಗಿಸಿ ಹತ್ತಿಯ ಚೀಲದಲ್ಲಿಡಿ, ಪ್ಲಾಸ್ಟಿಕ್ ಚೀಲ ಬೇಡ. ಒಣಗಿದೆಯೋ ಇಲ್ಲವೋ ಅಂತ ಕೈಗೆ ತಿಳಿಯದು. ಕೆನ್ನೆಗೆ ಒತ್ತಿ ನೋಡಿ. ತಣ್ಣಗೆ ಅನಿಸಿದರೆ ಇನ್ನೂ ತೇವ ಇದೆ. ಬೂಷ್ಟು ಹಿಡಿದ ಬಟ್ಟೆಯನ್ನು ಉಳಿದವುಗಳ ಜೊತೆ ಒಂದು ರಾತ್ರಿಯೂ ಇಡಬೇಡಿ. ಎತ್ತರಕ್ಕಾಗಿ ಅಡಿಯಲ್ಲಿ ಕೊಡುವ ಮರದ ಆ್ಯಪಲ್ ಬಾಕ್ಸ್‌ಗಳ ಆರೂ ಮೈಗೆ ವಾರ್ನಿಶ್ ಮಾಡಿಸಿದರೆ ಸಾಕು.

ಮರಳಿನ ಚೀಲಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮನೆ ಎದುರೇ ಬೀಚು ಇದೆ ಅಂತ ಅಲ್ಲಿಯ ಮರಳು ತುಂಬಬೇಡಿ. ಅದು ಉಪ್ಪಿನ ಮೂಟೆ. ಯಾವ ಸ್ಟ್ಯಾಂಡಿನ ಕಾಲ ಮೇಲೆ ಹೇರುತ್ತೀರೋ ಅದನ್ನು ತಿನ್ನುತ್ತದೆ, ಕೋಣೆಯಲ್ಲಿ ಇಟ್ಟರೆ ಇಡೀ ಕೋಣೆಯ ತೇವ ಎಳೆದುಕೊಂಡು ಒದ್ದೆಯಾಗಿ ಕೂರುತ್ತದೆ. ತೊಳೆದು ಒಣಗಿಸಿದ ಸಣ್ಣ ಜಲ್ಲಿ ತುಂಬಿ. ಚೀಲಗಳನ್ನು ಹಿಡಿಕೆಯಿಂದ ಪೈಪಿಗೆ ನೇತುಹಾಕಿ.

ಇಷ್ಟು ಹೊತ್ತು ಹೇಳಿದ್ದರಲ್ಲಿ ತಪ್ಪಾದರೆ ದುಡ್ಡು ಹೋಗುತ್ತದೆ. ಇನ್ನು ಹೇಳುವುದರಲ್ಲಿ ತಪ್ಪಾದರೆ ಜೀವ ಹೋಗಬಹುದು. ತಲೆ ಮೇಲೆ ಭಾರ ತೂಗುವ ಸಾಮಾನು, ಅಂದರೆ ಶ್ಯಾಕಲ್, ಬೆಲ್ಟು, ವೈರು, ಚೈನ್ ಬ್ಲಾಕ್, ಇವು ಉಳಿದ ಸಾಮಾನಿನ ಜೊತೆ ಬೆರೆಯಲೇಬಾರದು. ಬೇರೆ ಕಪಾಟು, ಬೇರೆ ಬೀಗ, ಕೀಲಿ ಒಬ್ಬರ ಕೈಯಲ್ಲಿ. ವ್ಯಾನ್ ಕೆಸರಲ್ಲಿ ಹೂತಾಗ ಎಳೆಯಲು ಈ ಬೆಲ್ಟು ಕೇಳಿಕೊಂಡು ಯಾರಾದರೂ ಬಂದೇ ಬರುತ್ತಾರೆ. ಕೊಡಬೇಡಿ. ಅದಕ್ಕೆ ಬೇರೆ ಹಗ್ಗ ಇಟ್ಟಿರಿ.

ಶ್ಯಾಕಲ್‌ನ ಮೈ ಮೇಲೆ ಎಷ್ಟು ಭಾರ ಹೊರಬಹುದು ಅಂತ ಅಚ್ಚು ಇರಬೇಕು. ಇಲ್ಲದ್ದನ್ನು ಈ ಕಪಾಟಿಗೆ ಸೇರಿಸಬೇಡಿ. ಪ್ರತಿ ಶ್ಯಾಕಲ್‌ನ ಪಿನ್ ಅದರಲ್ಲೇ ತಿರುಗಿಸಿ ಇಡಿ, ಪಿನ್ನುಗಳನ್ನೆಲ್ಲ ಒಂದು ಡಬ್ಬದಲ್ಲಿ ಹಾಕಿದರೆ ಯಾವುದು ಯಾವುದರದ್ದು ಅಂತ ತಿಳಿಯದು. ಬೆಲ್ಟಿನ ಬಣ್ಣವೇ ಅದರ ಶಕ್ತಿ ಹೇಳುತ್ತದೆ. ನೇರಳೆ 1 ಟನ್, ಹಸಿರು 2, ಹಳದಿ 3, ಬೂದು 4, ಕೆಂಪು 5. ಆದರೆ ಬಣ್ಣವನ್ನಷ್ಟೇ ನಂಬಬೇಡಿ, ಹೊಲಿದ ಚೀಟಿ ಇರಬೇಕು. ಚೀಟಿ ಕಿತ್ತುಹೋದ, ಗಂಟು ಹಾಕಿದ, ಅಂಚು ಹರಿದ, ಬಿಸಿಲಿಗೆ ಬಣ್ಣ ಹೋಗಿ ಒರಟಾದ ಬೆಲ್ಟನ್ನು ಕತ್ತರಿಸಿ ಎರಡು ತುಂಡು ಮಾಡಿ ಎಸೆಯಿರಿ. ಹಾಗೇ ಎಸೆದರೆ ಯಾರೋ ಒಬ್ಬರು ಎತ್ತಿಕೊಂಡು ಬಳಸುತ್ತಾರೆ. ವೈರ್ ರೋಪಿನಲ್ಲಿ ಒಂದು ಎಳೆ (ತಂತಿಗಳ ಹುರಿ) ಹಗ್ಗದ ಸುತ್ತ ಪೂರ್ತಿ ಒಂದು ಸುತ್ತು ಬರುವಷ್ಟು ಉದ್ದದಲ್ಲಿ 10 ತಂತಿ ತುಂಡಾಗಿದ್ದರೆ, ಅಥವಾ ಅದೇ ಉದ್ದದಲ್ಲಿ ಒಂದೇ ಎಳೆಯಲ್ಲಿ 5 ತುಂಡಾಗಿದ್ದರೆ ಅದರ ಆಯಸ್ಸು ಮುಗಿಯಿತು. ಆದರೆ ನಮ್ಮ ಕಡೆ ತಂತಿ ತುಂಡಾಗುವ ಮೊದಲೇ ತುಕ್ಕು ಬರುತ್ತದೆ. ತುಕ್ಕು ಗುಳಿ ಬಿದ್ದಿದ್ದರೆ ಎಣಿಸುತ್ತಾ ಕೂರಬೇಡಿ.

ಗೋಕರ್ಣದ ಹತ್ತಿರ ಒಂದು ರಾತ್ರಿ ಶೂಟಿಂಗ್. ಲೈಟು ಮೇಲೆ ಕಟ್ಟಿ, ಸೇಫ್ಟಿ ವೈರ್ ಹಾಕಲು ಕೈಗೆ ತಗೊಂಡೆ. ಪಾರದರ್ಶಕ ಪ್ಲಾಸ್ಟಿಕ್ ಹೊದಿಕೆ ಇದ್ದ ವೈರು. ಹೊಳೆಯುತ್ತಿತ್ತು. ಎರಡೂ ತುದಿಯ ಕ್ಲಿಪ್ಪು ಗಟ್ಟಿ ಇತ್ತು. ತುದಿಗೆ ಹತ್ತಿರ ಒಂದು ಕಡೆ ಮಾತ್ರ ಹೊದಿಕೆಯೊಳಗೆ ಚಹಾದ ಬಣ್ಣ ಕಂಡ ಹಾಗಾಯಿತು. ಸುಮ್ನೆ ಮಂಡಿಗೆ ಕೊಟ್ಟು ಬಗ್ಗಿಸಿದೆ. ಒಣ ಕಡ್ಡಿ ಮುರಿದ ಹಾಗೆ ಮುರಿಯಿತು. ಪ್ಲಾಸ್ಟಿಕ್ ಸೀಳಿ ನೋಡಿದರೆ ಒಳಗೆ ತಂತಿಯೇ ಇರಲಿಲ್ಲ, ಕಂದು ಪುಡಿ ಅಂಗೈಗೆ ಸುರಿಯಿತು. ತುದಿಯಿಂದ ಉಪ್ಪುನೀರು ಒಳಗೆ ಇಳಿದಿತ್ತು, ಹೊದಿಕೆ ಅದನ್ನು ಒಣಗಲು ಬಿಟ್ಟಿರಲಿಲ್ಲ. ಆ ವೈರು ಅದರ ಹಿಂದಿನ ವಾರವಿಡೀ ಬೇರೆ ಕಡೆ ಜನರ ತಲೆ ಮೇಲೆ ತೂಗುತ್ತಿತ್ತು. ನಾನೇ ಕೊಟ್ಟು ಕಳಿಸಿದ್ದೆ. ಆ ರಾತ್ರಿ ನನಗೆ ಕೆಲಸ ಮಾಡಲು ಕೈ ಓಡಲಿಲ್ಲ.

ಅವತ್ತಿನಿಂದ ನನ್ನ ಕೋಣೆಯಲ್ಲಿ ಹೊದಿಕೆಯ ವೈರು ಇಲ್ಲ. ಬೋಳು ವೈರನ್ನೇ ಇಡುತ್ತೇನೆ, ಪ್ರತಿಯೊಂದಕ್ಕೂ ನಂಬರ್ ಇದೆ. ವಾಪಸ್ ಬಂದಾಗ ತೊಳೆದು, ಉದ್ದಕ್ಕೂ ಬಟ್ಟೆಯಲ್ಲಿ ಒರೆಸಿ, ನಂಬರಿನ ಎದುರು ತಾರೀಕು ಬರೆಯುತ್ತೇನೆ. ಬಾಗಿಲ ಪಕ್ಕ ದಾರ ಕಟ್ಟಿ ಒಂದು ಉದ್ದ ಪುಸ್ತಕ ನೇತುಹಾಕಿದ್ದೇನೆ. ಹೋದದ್ದು ಒಂದು ಕಡೆ, ಬಂದದ್ದು ಒಂದು ಕಡೆ. ಪಕ್ಕದಲ್ಲೇ ಒಂದು ಕೆಂಪು ಕ್ರೇಟು. ಕೆಟ್ಟದ್ದು, ಅನುಮಾನ ಇದ್ದದ್ದು ನೇರ ಅದಕ್ಕೆ. ಸರಿಮಾಡದೆ ಅಲ್ಲಿಂದ ರ‍್ಯಾಕಿಗೆ ಹೋಗುವ ಹಾಗಿಲ್ಲ. ಬಾಡಿಗೆಗೆ ತಗೊಂಡವರು ರಾತ್ರಿ ತಂದು ಇಳಿಸಿದರೆ ಚಪ್ಪರದ ಕೆಳಗೇ ಇರಲಿ. ಬೆಳಗ್ಗೆ ತೊಳೆದ ಮೇಲೆಯೇ ಹೊಸ್ತಿಲು ದಾಟಲಿ.

ನಿಮ್ಮದು ಹಳೇ ಸಾಮಾನು ಕೊಂಡದ್ದು ಅಂದಿರಿ. ಅದು ಎಲ್ಲೆಲ್ಲಿ ಕೆಲಸ ಮಾಡಿದೆ, ಎಷ್ಟು ವರ್ಷದ್ದು, ನಿಮಗೆ ಗೊತ್ತಿಲ್ಲ. ರ‍್ಯಾಕ್, ಬಣ್ಣ, ಚಪ್ಪರ ಎಲ್ಲ ನಿಧಾನಕ್ಕೆ ಆಗಲಿ. ಹೊದಿಕೆ ಇರುವ ಸೇಫ್ಟಿ ವೈರ್ ಎಷ್ಟಿವೆಯೋ ಅಷ್ಟನ್ನೂ ಈ ವಾರವೇ ಹೊರಗೆ ತೆಗೆಯಿರಿ. ಹಗಲು ಬೆಳಕಿನಲ್ಲಿ ಎರಡೂ ತುದಿ ನೋಡಿ, ಮಂಡಿಗೆ ಕೊಟ್ಟು ಬಗ್ಗಿಸಿ. ಒಂದೇ ಒಂದರಲ್ಲಿ ಚಹಾದ ಬಣ್ಣ ಕಂಡರೂ ಎಲ್ಲವನ್ನೂ ಬದಲಾಯಿಸಿ, ಅಲ್ಲಿಯ ತನಕ ಮೇಲೆ ಕಟ್ಟುವ ಕೆಲಸ ಒಪ್ಪಿಕೊಳ್ಳಬೇಡಿ.